ಭೂಮಿ ಸೈನ್ಸ್ ವಿಭಾಗದ ಸ್ವತ್ತೇ?

ಕಳೆದ ತಿಂಗಳು ನಮ್ಮ ಕಾಲೇಜಿನ ಮೇಲಿನ ಮಹಡಿಯ ಹಾಲ್‌ನಲ್ಲಿ ಒಂದು ಉಪನ್ಯಾಸ ಇತ್ತು. 'ಭೂಕಂಪನದ ಅಲೆಗಳು ಮತ್ತು ಭೂಕವಚದ ರಚನೆ' ಎಂಬುದು ವಿಷಯ. ನೋಟಿಸ್ ಬೋರ್ಡಿನಲ್ಲಿ ಕೊನೆಯ ಸಾಲು ಹೀಗಿತ್ತು: ಪಿ.ಸಿ.ಎಂ.ಬಿ. ಮತ್ತು ಪಿ.ಸಿ.ಎಂ.ಸಿ. ವಿದ್ಯಾರ್ಥಿಗಳಿಗೆ ಮಾತ್ರ. ನಾನು ಸಿ.ಇ.ಬಿ.ಎ. ಓದುತ್ತಿರುವವಳು. ಆದರೂ ಹೋದೆ. ಬಾಗಿಲಲ್ಲಿ ನಿಂತಿದ್ದವರು "ಯಾವ ಕಾಂಬಿನೇಷನ್?" ಎಂದು ಕೇಳಿದರು. ಹೇಳಿದೆ. "ನಿಮಗೆ ಇದು ಯಾಕಮ್ಮಾ? ಹೋಗಿ ಅಕೌಂಟ್ಸ್ ನೋಡ್ಕೊಳ್ಳಿ" ಎಂದು ನಗುತ್ತಲೇ ಹೇಳಿದರು.

ಅವರು ಹೇಳಿದ್ದರಲ್ಲಿ ಕೆಟ್ಟ ಮನಸ್ಸು ಇರಲಿಲ್ಲ. ಹಾಲ್‌ನಲ್ಲಿ ಕುರ್ಚಿ ಇರುವುದು ಎಂಬತ್ತು ಚಿಲ್ಲರೆ, ಸೈನ್ಸ್ ವಿಭಾಗದವರೇ ಅದಕ್ಕಿಂತ ಹೆಚ್ಚು ಇದ್ದರು. ಆದ್ದರಿಂದ ಈ ಲೇಖನವನ್ನು ದೂರು ಎಂದು ಓದಬೇಡಿ. ನನಗೆ ಬೇಜಾರಾದದ್ದು ವಾಪಸ್ ಕಳಿಸಿದ್ದಕ್ಕಲ್ಲ. 'ನಿಮಗೆ ಇದು ಯಾಕೆ' ಎಂಬ ಪ್ರಶ್ನೆಗೆ ಆ ಕ್ಷಣದಲ್ಲಿ ನನ್ನ ಬಾಯಲ್ಲಿ ಉತ್ತರ ಬರಲಿಲ್ಲ, ಅದಕ್ಕೆ. ಉತ್ತರ ನನ್ನ ಹತ್ತಿರ ಇತ್ತು. ನಾಲ್ಕು ವರ್ಷದಿಂದ ಇದೆ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

2021ರ ಡಿಸೆಂಬರ್ 22ರ ಬೆಳಿಗ್ಗೆ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಕೆಲವೇ ನಿಮಿಷಗಳ ಅಂತರದಲ್ಲಿ ಎರಡು ಸಲ ಭೂಮಿ ಸಣ್ಣಗೆ ನಡುಗಿತು. ತೀವ್ರತೆ 3ರ ಆಸುಪಾಸು. ಆಗ ನಾನು ಎಂಟನೇ ತರಗತಿ. ನಿಜ ಹೇಳಬೇಕೆಂದರೆ ನನಗೆ ಏನೂ ಗೊತ್ತಾಗಲಿಲ್ಲ. ನಮ್ಮ ಬೀದಿಯಲ್ಲಿ ಒಬ್ಬರು ಪಾತ್ರೆ ಅಲ್ಲಾಡಿತು ಎಂದರು, ಇನ್ನೊಬ್ಬರು ಲಾರಿ ಹೋದ ಹಾಗಾಯಿತು ಎಂದರು. ಸಂಜೆಯ ಹೊತ್ತಿಗೆ ಪಾತ್ರೆ ಅಲ್ಲಾಡದ ಮನೆಯೇ ಇರಲಿಲ್ಲ.

ರಾತ್ರಿ ಎಂಟೂವರೆಗೆ ಚಾಚಾ ಅವರ ಫೋನಿಗೆ ಒಂದು ಮೆಸೇಜ್ ಬಂತು. ಕನ್ನಡದಲ್ಲಿತ್ತು. ನಮ್ಮ ಮನೆಯಲ್ಲಿ ದೊಡ್ಡವರು ಕನ್ನಡ ಚೆನ್ನಾಗಿ ಮಾತಾಡುತ್ತಾರೆ, ಓದುವುದು ಮಾತ್ರ ಕಷ್ಟ. ಬ್ಯಾಂಕಿನ ಕಾಗದ, ಕರೆಂಟ್ ಬಿಲ್ಲು, ಪಂಚಾಯಿತಿಯ ನೋಟಿಸು, ಎಲ್ಲವನ್ನೂ ಓದಿ ಹೇಳುವ ಕೆಲಸ ನನ್ನದು. ದಾದಿ "ಪಡ್‌ಕೇ ಬೋಲ್" ಎಂದರು. ಓದಿದೆ. 'ಇಂದು ರಾತ್ರಿ 1.30ಕ್ಕೆ 7.2 ತೀವ್ರತೆಯ ಭೂಕಂಪ ಆಗಲಿದೆ, ಅಮೆರಿಕದ ವಿಜ್ಞಾನಿಗಳು ಕಂಡುಹಿಡಿದಿದ್ದಾರೆ, ಯಾರೂ ಮನೆಯೊಳಗೆ ಮಲಗಬೇಡಿ, ಹತ್ತು ಜನರಿಗೆ ಕಳಿಸಿ.' ನಾನು ಅದನ್ನು ಸುದ್ದಿ ಓದುವವರ ಹಾಗೆ ಗಟ್ಟಿಯಾಗಿ, ಸ್ಪಷ್ಟವಾಗಿ ಓದಿದೆ. ಓದು ಚೆನ್ನಾಗಿತ್ತು ಎಂದೇ ಎಲ್ಲರೂ ನಂಬಿದರು ಅಂತ ಈಗ ಅನಿಸುತ್ತದೆ.

ಆ ರಾತ್ರಿ ನಮ್ಮ ಬೀದಿಯ ಮುಕ್ಕಾಲು ಪಾಲು ಜನ ಹೊರಗೆ ಚಾಪೆ ಹಾಕಿಕೊಂಡು ಕೂತರು. ಡಿಸೆಂಬರ್ ತಿಂಗಳ ಚಳಿ ನಮ್ಮ ಕಡೆ ಹೇಗಿರುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ದಾದಿಗೆ ಮೊದಲೇ ಉಬ್ಬಸ. ತಸ್ಬಿ ಹಿಡಿದು ಬೆಳಗಿನ ಅಜಾನ್‌ವರೆಗೆ ಕೂತೇ ಇದ್ದರು. 1.30 ಆಯಿತು, 2 ಆಯಿತು, 3 ಆಯಿತು. ಏನೂ ಆಗಲಿಲ್ಲ. ಎರಡು ದಿನದ ನಂತರ ದಾದಿಗೆ ಜ್ವರ ಹತ್ತಿ, ಎದೆಯಲ್ಲಿ ಕಫ ಕಟ್ಟಿ ಆರು ದಿನ ಆಸ್ಪತ್ರೆಯಲ್ಲಿದ್ದರು. ಅಬ್ಬಾ ರೀಲರ್. ಆ ವಾರ ಗೂಡು ಕೊಳ್ಳಲು ಇಟ್ಟಿದ್ದ ದುಡ್ಡು ಆಸ್ಪತ್ರೆಗೆ ಹೋಯಿತು. ದಾದಿ ಅಲ್ಲಾಹನ ದಯೆಯಿಂದ ಚೇತರಿಸಿಕೊಂಡರು. ಆದರೆ ಮೆಟ್ಟಿಲು ಹತ್ತುವುದು ಅಂದಿನಿಂದ ನಿಂತುಹೋಯಿತು.

ಯಾರೂ ನನ್ನನ್ನು ಬೈಯಲಿಲ್ಲ. ಚಾಚಾ ಕೂಡ "ನೀನು ಓದಿದೆ ಅಷ್ಟೇ, ಬರೆದವನು ಬೇರೆ" ಎಂದರು. ಆದರೆ ಅಕ್ಷರ ಓದಲು ಬಂದವಳಿಗೆ ವಿಷಯ ಓದಲು ಬರಲಿಲ್ಲ. ಅದಕ್ಕೇ ನನಗೆ ಇದು ಬೇಕು.

ಉಪನ್ಯಾಸ ಮುಗಿಯುವವರೆಗೆ ನಾನು ಮೆಟ್ಟಿಲ ಮೇಲೆ ಕೂತಿದ್ದೆ. ಅರ್ಧ ಕೇಳಿಸಿತು, ಅರ್ಧ ಫ್ಯಾನಿನ ಸದ್ದು ನುಂಗಿತು. ಆಮೇಲೆ ಸೈನ್ಸ್ ವಿಭಾಗದ ಗೆಳತಿಯ ನೋಟ್ಸ್ ತೆಗೆದುಕೊಂಡೆ, ಲೈಬ್ರರಿಯಲ್ಲಿ ಎರಡು ಪುಸ್ತಕ ನೋಡಿದೆ. ತಿಳಿದದ್ದನ್ನು ನನ್ನ ಭಾಷೆಯಲ್ಲಿ ಹೇಳುತ್ತೇನೆ, ತಪ್ಪಿದ್ದರೆ ಭೌತಶಾಸ್ತ್ರದ ಸರ್ ತಿದ್ದಲಿ.

ಗೂಡಿನ ಮಾರ್ಕೆಟ್‌ಗೆ ಹೋದವರು ನೋಡಿರುತ್ತೀರಿ. ಲಾಟ್ ಮುಂದೆ ನಿಂತ ರೀಲರ್ ನಾಲ್ಕು ಗೂಡು ಕೈಗೆ ತೆಗೆದುಕೊಂಡು ಕಿವಿಯ ಹತ್ತಿರ ಅಲ್ಲಾಡಿಸುತ್ತಾನೆ. ಒಳಗಿನ ಹುಳು ಗಟ್ಟಿಯಾಗಿದ್ದರೆ ಕಟಕಟ ಸದ್ದು. ಒಳಗೆ ಸತ್ತು ಕರಗಿ ಅಂಟಿಕೊಂಡಿದ್ದರೆ ಸದ್ದಿಲ್ಲ. ಎಲ್ಲ ಗೂಡನ್ನೂ ಕತ್ತರಿಸಿ ನೋಡಿದರೆ ನೂಲು ತೆಗೆಯುವುದು ಯಾವುದರಿಂದ? ಆದ್ದರಿಂದ ಅಲ್ಲಾಡಿಸಿ ಕೇಳಬೇಕು. ಭೂಮಿಯ ಕಥೆಯೂ ಇಷ್ಟೇ. ನಮ್ಮ ಕಡೆ 1,500 ಅಡಿ ಬೋರ್‌ವೆಲ್ ಎಂದರೆ ಪಾತಾಳ ಮುಟ್ಟಿದೆವು ಎನ್ನುತ್ತೇವೆ. ಅದು ಅರ್ಧ ಕಿಲೋಮೀಟರ್ ಕೂಡ ಅಲ್ಲ. ನಮ್ಮ ಕಾಲ ಕೆಳಗೆ ಭೂಕವಚದ ದಪ್ಪ ಸುಮಾರು 35 ಕಿಲೋಮೀಟರ್. ಲೆಕ್ಕ ಹಾಕಿದೆ: ಎಪ್ಪತ್ತೇಳು ಬೋರ್‌ವೆಲ್‌ಗಳನ್ನು ಒಂದರ ಕೆಳಗೊಂದು ಜೋಡಿಸಬೇಕು. ಕೋಲಾರದ ಚಾಂಪಿಯನ್ ರೀಫ್ ಗಣಿ ಸುಮಾರು 3.2 ಕಿಲೋಮೀಟರ್ ಆಳಕ್ಕೆ ಹೋಗಿತ್ತು. ರಷ್ಯಾದ ಕೋಲಾ ಎಂಬಲ್ಲಿ ವಿಜ್ಞಾನಿಗಳೇ ಹಠ ಹಿಡಿದು ಕೊರೆದ ರಂಧ್ರ 1989ರಲ್ಲಿ 12,262 ಮೀಟರ್ ಮುಟ್ಟಿ ನಿಂತಿತು. ಅಷ್ಟೇ. ಅದರಾಚೆ ಮನುಷ್ಯನ ಕೈ ಹೋಗಿಲ್ಲ. ಭೂಮಿಯ ಮಧ್ಯಬಿಂದು ಇರುವುದು 6,371 ಕಿಲೋಮೀಟರ್ ಕೆಳಗೆ.

ಹಾಗಾದರೆ 35 ಎಂದು ಹೇಗೆ ಗೊತ್ತಾಯಿತು? ಅಲೆಗಳಿಂದ. ಭೂಮಿ ಎಲ್ಲಿ ನಡುಗಿದರೂ ಅಲ್ಲಿಂದ ಎರಡು ಬಗೆಯ ಅಲೆಗಳು ಬಂಡೆಯೊಳಗೆ ಹೊರಡುತ್ತವೆ. ಮೊದಲನೆಯದು ಪಿ ಅಲೆ. ಬಸ್ ಹತ್ತುವ ಸಾಲಿನಲ್ಲಿ ಹಿಂದಿನವರು ತಳ್ಳಿದರೆ ತಳ್ಳು ಮುಂದಿನವರೆಗೆ ಸಾಗುತ್ತದಲ್ಲ, ಹಾಗೆ. ಎರಡನೆಯದು ಎಸ್ ಅಲೆ. ಊಟವಾದ ಮೇಲೆ ದಸ್ತರ್‌ಖಾನ್ ಕೊಡವಿದರೆ ಬಟ್ಟೆಯಲ್ಲಿ ಏರಿಳಿತ ಓಡುತ್ತದೆ, ಬಟ್ಟೆ ಮಾತ್ರ ಕೈಯಲ್ಲೇ ಇರುತ್ತದೆ, ಹಾಗೆ. ಕವಚದ ಬಂಡೆಯಲ್ಲಿ ಪಿ ಅಲೆ ಸೆಕೆಂಡಿಗೆ ಸುಮಾರು 6 ಕಿಲೋಮೀಟರ್, ಎಸ್ ಸುಮಾರು 3.5. ಹೀಗಾಗಿ ಪಿ ಮೊದಲು ಬರುತ್ತದೆ, ಎಸ್ ಹಿಂದೆ ಬರುತ್ತದೆ. ಎರಡರ ನಡುವೆ ಎಷ್ಟು ಸೆಕೆಂಡ್ ಎಂದು ಎಣಿಸಿ ಎಂಟರಿಂದ ಗುಣಿಸಿದರೆ ನಡುಗಿದ ಜಾಗ ಎಷ್ಟು ಕಿಲೋಮೀಟರ್ ದೂರ ಎಂದು ಹೆಚ್ಚುಕಡಿಮೆ ಸಿಗುತ್ತದೆ. ಹತ್ತು ಸೆಕೆಂಡ್ ಅಂತರ ಎಂದರೆ ಎಂಬತ್ತು ಕಿಲೋಮೀಟರ್. ಇದಕ್ಕೆ ಸೈನ್ಸ್ ಕಾಂಬಿನೇಷನ್ ಬೇಕೇ? ನಾವು ಬಡ್ಡಿ ಲೆಕ್ಕ ಇದಕ್ಕಿಂತ ಕಷ್ಟದ್ದು ಮಾಡುತ್ತೇವೆ.

ದಾಖಲೆಯಲ್ಲಿ ಈ ಅಲೆಗಳನ್ನು ಬೇರೆ ಬೇರೆಯಾಗಿ ಗುರುತಿಸಿದವರು ನಮ್ಮ ದೇಶದಲ್ಲಿ ಕೆಲಸ ಮಾಡುತ್ತಿದ್ದವರು ಎಂಬುದು ನನಗೆ ಹೊಸ ಸುದ್ದಿ. 1897ರ ಜೂನ್ 12ರಂದು ಅಸ್ಸಾಮಿನಲ್ಲಿ ಭಾರೀ ಭೂಕಂಪವಾಯಿತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿದ್ದ ರಿಚರ್ಡ್ ಡಿಕ್ಸನ್ ಓಲ್ಡ್‌ಹ್ಯಾಮ್ ಅದರ ಅಧ್ಯಯನ ಮಾಡಿದರು. ಯುರೋಪಿನ ಉಪಕರಣಗಳಲ್ಲಿ ಅದೇ ಕಂಪನ ಬಿಟ್ಟಿದ್ದ ಗುರುತುಗಳಲ್ಲಿ ಮೂರು ಬಗೆಯ ಅಲೆಗಳು ಒಂದರ ಹಿಂದೊಂದು ಬಂದಿರುವುದನ್ನು ಕಂಡರು. 1906ರಲ್ಲಿ ಇದೇ ದಾರಿಯಲ್ಲಿ ಭೂಮಿಯ ಮಧ್ಯದಲ್ಲಿ ಬೇರೆಯೇ ಆದ ಒಂದು ಗೋಳವಿದೆ ಎಂದೂ ತೋರಿಸಿದರು. ಮೂವತ್ತು ವರ್ಷದ ನಂತರ, 1936ರಲ್ಲಿ, ಡೆನ್ಮಾರ್ಕಿನ ಇಂಗೆ ಲೇಮನ್ ಎಂಬ ಮಹಿಳೆ ಆ ಗೋಳದೊಳಗೆ ಇನ್ನೊಂದು ಗೋಳವಿದೆ ಎಂದು ಕಾಗದದ ಮೇಲಿನ ಸಣ್ಣ ಗೆರೆಗಳನ್ನು ನೋಡಿಯೇ ಹೇಳಿದರು. ಗೂಡು ಅಲ್ಲಾಡಿಸಿ ಹುಳುವಿನ ಹೊಟ್ಟೆಯಲ್ಲಿ ಏನಿದೆ ಎಂದು ಹೇಳಿದ ಹಾಗಾಯಿತು.

ಕವಚದ ವಿಷಯಕ್ಕೆ ಬರುತ್ತೇನೆ. ನನಗೆ ತುಂಬಾ ಹಿಡಿಸಿದ ಭಾಗ ಇದು. 1909ರ ಅಕ್ಟೋಬರ್ 8ರಂದು ಇಂದಿನ ಕ್ರೊವೇಷಿಯಾದ ಜಾಗ್ರೆಬ್ ನಗರದ ಹತ್ತಿರ ಭೂಕಂಪವಾಯಿತು. ಅಲ್ಲಿನ ಹವಾಮಾನ ಕೇಂದ್ರದ ಮುಖ್ಯಸ್ಥ ಆಂದ್ರಿಯ ಮೊಹೊರೊವಿಚಿಚ್ ಬೇರೆ ಬೇರೆ ಊರುಗಳ ದಾಖಲೆಗಳನ್ನು ತರಿಸಿಕೊಂಡು ಕೂತರು. ಒಂದು ಪಿ ಬರಬೇಕಾದ ಕಡೆ ಎರಡು ಪಿ ಬಂದಿದ್ದವು. ಎಸ್ ಕೂಡ ಎರಡು. ಹತ್ತಿರದ ಊರುಗಳಲ್ಲಿ ನಿಧಾನದ ಅಲೆ ಮೊದಲು ತಲುಪಿತ್ತು. ದೂರದ ಊರುಗಳಲ್ಲಿ ಇನ್ನೊಂದು ಅಲೆ ಅದನ್ನು ಹಿಂದಿಕ್ಕಿ ಮೊದಲು ತಲುಪಿತ್ತು. ಒಂದೇ ಜಾಗದಿಂದ, ಒಂದೇ ಹೊತ್ತಿಗೆ ಹೊರಟವು ಹೀಗೆ ಹೇಗೆ?

ಚಿಕ್ಕಬಳ್ಳಾಪುರದಿಂದ ಪಕ್ಕದ ಹಳ್ಳಿಗೆ ಹೋಗಬೇಕಾದರೆ ಯಾರೂ ಹೈವೇ ಹತ್ತುವುದಿಲ್ಲ. ಊರೊಳಗಿನ ರಸ್ತೆಯಲ್ಲೇ ಹೋಗುವುದು ಬೇಗ. ಆದರೆ ಹೈದರಾಬಾದಿಗೆ ಹೋಗಬೇಕಾದರೆ? ಮೊದಲು ಹೈವೇವರೆಗೆ ಸುತ್ತಿ ಹೋಗಬೇಕು, ಕೊನೆಯಲ್ಲಿ ಇಳಿದು ಮತ್ತೆ ಸುತ್ತಬೇಕು. ಆದರೂ ನಡುವೆ ಸಿಗುವ ವೇಗದಿಂದ ಮೊದಲು ತಲುಪುವುದು ಹೈವೇಯವನೇ. ಅಲೆಗಳದ್ದೂ ಅದೇ ಕಥೆ. ಕೆಳಗೆ ಎಲ್ಲೋ ಒಂದು ಹೈವೇ ಇದೆ ಎಂದು ಮೊಹೊರೊವಿಚಿಚ್ ಹೇಳಿದರು. ಅಂದರೆ ಕವಚ ಮುಗಿದು ಅದರ ಕೆಳಗೆ ಅಲೆಗಳನ್ನು ಸೆಕೆಂಡಿಗೆ ಸುಮಾರು 8 ಕಿಲೋಮೀಟರ್ ಓಡಿಸುವ ಬೇರೆ ಬಂಡೆ ಶುರುವಾಗುತ್ತದೆ. ಎಷ್ಟು ದೂರ ಹೋದ ಮೇಲೆ ಹೈವೇಯವನು ಮುಂದಾದ ಎಂದು ಗೊತ್ತಾದರೆ ಹೈವೇ ಎಷ್ಟು ಆಳದಲ್ಲಿದೆ ಎಂದು ಲೆಕ್ಕ ಹಾಕಬಹುದು. ಅವರಿಗೆ ಬಂದ ಉತ್ತರ 54 ಕಿಲೋಮೀಟರ್. ಆ ಗಡಿಗೆ ಇವತ್ತು ಅವರ ಹೆಸರನ್ನೇ ತುಂಡು ಮಾಡಿ ಮೊಹೊ ಎನ್ನುತ್ತಾರೆ. ನಾನು ನಮ್ಮ ನೆಲದ ಅಂಕಿ ಹಾಕಿ ಮಾಡಿ ನೋಡಿದೆ. ಕವಚ 35 ಕಿಲೋಮೀಟರ್ ಇದ್ದರೆ ಕೆಳಗಿನ ಅಲೆ ಮುಂದಾಗುವುದು ಸುಮಾರು 200 ಕಿಲೋಮೀಟರ್ ದಾಟಿದ ಮೇಲೆ. ವರ್ಗಮೂಲ ತೆಗೆಯಲು ಕ್ಯಾಲ್ಕುಲೇಟರ್ ಬೇಕಾಯಿತು, ಒಪ್ಪಿಕೊಳ್ಳುತ್ತೇನೆ.

ಇದೆಲ್ಲ ದೂರದ ದೇಶದ ಮಾತು ಅನ್ನಬೇಡಿ. ನಮ್ಮ ಕಾಲೇಜಿನಿಂದ ಎರಡು ಗಂಟೆಯೂ ಹಿಡಿಯದ ಗೌರಿಬಿದನೂರಿನಲ್ಲಿ 1965ರಿಂದ ಭೂಮಿಯ ಸದ್ದು ಕೇಳುವ ಒಂದು ವ್ಯವಸ್ಥೆ ಇದೆ. ಇಂಗ್ಲಿಷಿನ 'ಎಲ್' ಅಕ್ಷರದ ಆಕಾರದಲ್ಲಿ, ಹೊಲ ಬಂಡೆಗಳ ನಡುವೆ ಕಿಲೋಮೀಟರ್‌ಗಟ್ಟಲೆ ಹರಡಿದ 20 ಕಂಪನಮಾಪಕಗಳು. ನಮ್ಮ ಅಣುಶಕ್ತಿ ಇಲಾಖೆಯವರು ಬ್ರಿಟನ್ನಿನ ಸಹಕಾರದಲ್ಲಿ ಇಟ್ಟದ್ದು. ಉದ್ದೇಶ ಬೇರೆ ದೇಶಗಳು ಭೂಮಿಯೊಳಗೆ ನಡೆಸುವ ಅಣುಬಾಂಬ್ ಪರೀಕ್ಷೆಗಳನ್ನು ಪತ್ತೆ ಮಾಡುವುದು. ಬಾಂಬು ಎಲ್ಲ ದಿಕ್ಕಿಗೂ ತಳ್ಳುತ್ತದೆ, ಆದ್ದರಿಂದ ಪಿ ಜೋರು. ಭೂಕಂಪದಲ್ಲಿ ಬಂಡೆ ಬಂಡೆಯ ಪಕ್ಕ ಜಾರುತ್ತದೆ, ಆದ್ದರಿಂದ ಎಸ್ ಜೋರು. ಇಪ್ಪತ್ತು ಏಕೆ ಎಂದರೆ, ಒಂದೊಂದರಲ್ಲೂ ಗಾಳಿ, ಟ್ರ್ಯಾಕ್ಟರ್, ದನಕರುಗಳ ಗದ್ದಲ ಬೇರೆ ಬೇರೆ. ಇಪ್ಪತ್ತನ್ನೂ ಸರಿಯಾದ ಸಮಯಕ್ಕೆ ಹೊಂದಿಸಿ ಕೂಡಿದರೆ ಗದ್ದಲ ಒಂದನ್ನೊಂದು ಹೊಡೆದುಹಾಕುತ್ತದೆ, ದೂರದಿಂದ ಬಂದ ಅಲೆ ಮಾತ್ರ ಎದ್ದು ನಿಲ್ಲುತ್ತದೆ. ಅದು ಯಾವ ದಿಕ್ಕಿನಿಂದ ಬಂತು ಎಂದೂ ಗೊತ್ತಾಗುತ್ತದೆ.

ಬಾಂಬ್ ಹಿಡಿಯಲು ಇಟ್ಟ ಕಿವಿಗೆ ಕೋಲಾರವೂ ಕೇಳಿಸಿತು. ಚಿನ್ನದ ಗಣಿಯ ಆಳದಲ್ಲಿ ಒತ್ತಡ ತಡೆಯಲಾರದೆ ಬಂಡೆ ಸಿಡಿಯುತ್ತಿತ್ತು, ಗಣಿಯವರು ಅದನ್ನು ರಾಕ್ ಬರ್ಸ್ಟ್ ಎನ್ನುತ್ತಿದ್ದರು. ಎಷ್ಟೋ ಕಾರ್ಮಿಕರು ಅದರಲ್ಲಿ ಜೀವ ಕಳೆದುಕೊಂಡರು. ಹಾಗೆ ಸಿಡಿದ ಬಂಡೆಯ ಅಲೆ ನೂರು ಕಿಲೋಮೀಟರ್‌ಗೂ ಹೆಚ್ಚು ದೂರದ ಗೌರಿಬಿದನೂರಿಗೆ ಇಪ್ಪತ್ತು ಸೆಕೆಂಡಿನೊಳಗೆ ಬಂದು ಮುಟ್ಟುತ್ತಿತ್ತು. ಗೌರಿಬಿದನೂರಿನ ದಾಖಲೆಗಳನ್ನು ಇಟ್ಟುಕೊಂಡು ಅಲ್ಲಿನ ವಿಜ್ಞಾನಿಗಳು 1970ರ ದಶಕದ ಆರಂಭದಲ್ಲೇ ನಮ್ಮ ಭಾಗದ ಕವಚದ ದಪ್ಪವನ್ನು ಲೆಕ್ಕ ಹಾಕಿದ್ದಾರೆ. ನನಗೆ ಈ ಜಾಗ ಓದುವಾಗ ಸ್ವಲ್ಪ ಹೊತ್ತು ಮುಂದೆ ಹೋಗಲು ಆಗಲಿಲ್ಲ. ಕೆಳಗೆ ಯಾರದೋ ತಲೆಯ ಮೇಲೆ ಬಿದ್ದ ಬಂಡೆ, ಇಲ್ಲಿ ಕಾಗದದ ಮೇಲೆ ಒಂದು ಗೆರೆ.

ಅದೇ ದಶಕದಲ್ಲಿ ಹೈದರಾಬಾದಿನ ರಾಷ್ಟ್ರೀಯ ಭೂಭೌತಿಕ ಸಂಶೋಧನಾ ಸಂಸ್ಥೆಯವರು ಸೋವಿಯತ್ ವಿಜ್ಞಾನಿಗಳ ನೆರವಿನಿಂದ ಇನ್ನೂ ದೊಡ್ಡ ಕೆಲಸಕ್ಕೆ ಕೈ ಹಾಕಿದರು. ಆಂಧ್ರದ ಕರಾವಳಿಯ ಕಾವಲಿಯಿಂದ ನಮ್ಮ ಉಡುಪಿಯವರೆಗೆ, ಒಂದು ಸಮುದ್ರದಿಂದ ಇನ್ನೊಂದು ಸಮುದ್ರಕ್ಕೆ, ಸುಮಾರು 600 ಕಿಲೋಮೀಟರ್ ಉದ್ದದ ಗೆರೆ. ಭೂಕಂಪ ಬರಲಿ ಎಂದು ಕಾಯಲಿಲ್ಲ. ಗುಂಡಿ ತೋಡಿ ಸ್ಫೋಟಕ ಇಟ್ಟು ತಾವೇ ನೆಲ ನಡುಗಿಸಿ, ಗೆರೆಯುದ್ದಕ್ಕೂ ಇಟ್ಟ ಉಪಕರಣಗಳಲ್ಲಿ ಕೇಳಿದರು. ಗೂಡು ಅಲ್ಲಾಡಿಸುವುದು ಎಂದರೆ ಇದೇ. ಭಾರತದಲ್ಲಿ ಇಷ್ಟು ಆಳದವರೆಗೆ ಕೇಳಿದ ಮೊದಲ ಗೆರೆ ಅದು. ದೊರೆತದ್ದು: ಕವಚದ ತಳ ಒಂದೇ ಮಟ್ಟದಲ್ಲಿಲ್ಲ, 34ರಿಂದ 41 ಕಿಲೋಮೀಟರ್ ನಡುವೆ ಏರಿಳಿಯುತ್ತದೆ, ಕೆಲವು ಬಿರುಕುಗಳು ತಳದವರೆಗೂ ಇಳಿದಿವೆ. ಈಚಿನ ಅಧ್ಯಯನಗಳಿಗೆ ಸ್ಫೋಟಕವೂ ಬೇಕಿಲ್ಲ. ಜಗತ್ತಿನ ಇನ್ನೊಂದು ಮೂಲೆಯ ಭೂಕಂಪದ ಪಿ ಅಲೆ ನಮ್ಮ ಕೆಳಗಿನಿಂದ ಮೇಲೇರಿ ಬರುವಾಗ ಮೊಹೊ ದಾಟುವ ಜಾಗದಲ್ಲಿ ಅದರ ಒಂದು ಪಾಲು ಎಸ್ ಆಗಿ ಬದಲಾಗುತ್ತದೆ. ಆ ಪಾಲು ನಾಲ್ಕು ಸೆಕೆಂಡ್ ತಡವಾಗಿ ಬಂದರೆ ಕವಚ 35ರ ಹತ್ತಿರ, ಇನ್ನೂ ತಡವಾದರೆ ಇನ್ನೂ ದಪ್ಪ. ಹೀಗೆ ನೋಡಿದಾಗ ನಮ್ಮ ಪೂರ್ವದ ಜಿಲ್ಲೆಗಳಲ್ಲಿ ಕವಚ ತೆಳು, ಚಿತ್ರದುರ್ಗ ದಾಟಿ ಪಶ್ಚಿಮಕ್ಕೆ ಹೋದಂತೆ 40 ಮೀರಿ ಕೆಲವು ಕಡೆ 50ರವರೆಗೆ. ಒಂದೇ ರಾಜ್ಯದ ಕೆಳಗೆ ಎರಡು ಬಗೆಯ ತಳಪಾಯ.

ಈಗ ಆ ಮೆಸೇಜ್‌ಗೆ ಬರೋಣ. ಈ ಅಲೆಗಳಿಂದ ಎಲ್ಲಿ ನಡುಗಿತು, ಎಷ್ಟು ಆಳದಲ್ಲಿ, ಎಷ್ಟು ಜೋರಾಗಿ ಎಂದು ಹೇಳಬಹುದು. ಕೆಳಗಿನ ಬಂಡೆ ಎಂಥದ್ದು ಎಂದು ಹೇಳಬಹುದು. ಮುಂದೆ ಯಾವ ದಿನ, ಎಷ್ಟು ಗಂಟೆಗೆ ನಡುಗುತ್ತದೆ ಎಂದು ಹೇಳುವ ವಿದ್ಯೆ ಇವತ್ತಿಗೂ ಯಾರ ಹತ್ತಿರವೂ ಇಲ್ಲ, ಅಮೆರಿಕದವರ ಹತ್ತಿರವೂ ಇಲ್ಲ. ಅಂದರೆ ಮೆಸೇಜ್‌ನಲ್ಲಿ '1.30ಕ್ಕೆ' ಎಂದು ಇತ್ತಲ್ಲ, ಅದೊಂದು ಮಾತೇ ಅದು ಸುಳ್ಳು ಎಂಬುದಕ್ಕೆ ಸಾಕ್ಷಿ. ನಾನು ನಿಖರವಾದ ಸಮಯ ನೋಡಿ ಹೆಚ್ಚು ನಂಬಿದೆ. ಕಡಿಮೆ ನಂಬಬೇಕಿತ್ತು. ಇನ್ನು 7.2. ತೀವ್ರತೆಯಲ್ಲಿ ಒಂದು ಅಂಕ ಏರಿದರೆ ಶಕ್ತಿ ಸುಮಾರು 32 ಪಟ್ಟು. 3ರಿಂದ 7ಕ್ಕೆ ನಾಲ್ಕು ಅಂಕ, ಅಂದರೆ ಹತ್ತು ಲಕ್ಷ ಪಟ್ಟು. ನಮ್ಮ ಜಿಲ್ಲೆಯಲ್ಲಿ ಬೆಳಿಗ್ಗೆ ಆದದ್ದಕ್ಕೂ ರಾತ್ರಿ ಆಗುತ್ತದೆ ಎಂದದ್ದಕ್ಕೂ ಇರುವ ಅಂತರ ಒಂದು ರೂಪಾಯಿಗೂ ಹತ್ತು ಲಕ್ಷ ರೂಪಾಯಿಗೂ ಇರುವಷ್ಟು. ಒಂದು ರೂಪಾಯಿ ಕೈಗೆ ಬಂತು, ಆದ್ದರಿಂದ ರಾತ್ರಿಗೆ ಹತ್ತು ಲಕ್ಷ ಬರುತ್ತದೆ ಎಂದು ಯಾರಾದರೂ ಹೇಳಿದ್ದರೆ ಚಾಚಾ ನಗುತ್ತಿದ್ದರು.

ಹಾಗೆಂದು ನಮ್ಮ ನೆಲ ಗಟ್ಟಿ, ಇಲ್ಲಿ ಏನೂ ಆಗುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಅದೂ ಒಂದು ವದಂತಿಯೇ. ದಖನ್ನಿನ ನೆಲ ಅಲುಗಾಡದು ಎಂದುಕೊಂಡವರಿಗೆ 1967ರಲ್ಲಿ ಕೊಯ್ನಾ, 1993ರ ಸೆಪ್ಟೆಂಬರ್ 30ರಂದು ಕಿಲ್ಲಾರಿ ಉತ್ತರ ಕೊಟ್ಟವು. ಕಿಲ್ಲಾರಿಯಲ್ಲಿ ಹತ್ತು ಸಾವಿರದ ಹತ್ತಿರ ಜನ ಸತ್ತರು, ಹೆಚ್ಚಿನವರು ತಮ್ಮದೇ ಮನೆಯ ಮಣ್ಣುಕಲ್ಲಿನ ಗೋಡೆಗಳ ಕೆಳಗೆ, ಬೆಳಗಿನ ಜಾವದ ನಿದ್ದೆಯಲ್ಲಿ. ಭಯ ಪಡಬೇಕಾದದ್ದು ಆ ಗೋಡೆಗಳಿಗೆ. ನಾವು ಒಂದು ರಾತ್ರಿ ಚಾಪೆ ಹಾಕಿ ಕೂತು ಬೆಳಿಗ್ಗೆ ಅದೇ ಬಿರುಕು ಬಿಟ್ಟ ಗೋಡೆಯ ಕೆಳಗೆ ಹೋಗಿ ಮಲಗಿದೆವು. ಗೋಡೆಯ ಬಗ್ಗೆ ಯಾರೂ ಹತ್ತು ಜನರಿಗೆ ಮೆಸೇಜ್ ಕಳಿಸಲಿಲ್ಲ. ಆ ವರ್ಷ ನವೆಂಬರ್‌ನಲ್ಲಿ ನಮ್ಮ ಕಡೆ ಎಂದೂ ಕಾಣದಂಥ ಮಳೆ, ಕೆರೆಗಳೆಲ್ಲ ಕೋಡಿ ಬಿದ್ದಿದ್ದವು. ನೀರು ಬಂಡೆಯ ಬಿರುಕಿಗೆ ಇಳಿದಾಗ ಇಂಥ ಸಣ್ಣ ನಡುಕಗಳು ಆಗುವುದುಂಟು ಎಂದು ಪುಸ್ತಕದಲ್ಲಿದೆ. ಇಷ್ಟನ್ನು ಯಾರಾದರೂ ಅಂದು ಸಂಜೆ ಮಸೀದಿಯ ಮೈಕಿನಲ್ಲಿ, ದೇವಸ್ಥಾನದ ಮೈಕಿನಲ್ಲಿ ಎರಡು ನಿಮಿಷ ಹೇಳಿದ್ದರೆ ಸಾಕಿತ್ತು.

ಯಾರು ಹೇಳಬೇಕಿತ್ತು? ನಮ್ಮ ಬೀದಿಯಲ್ಲಿ ಸೈನ್ಸ್ ಓದಿದವರು ಇಬ್ಬರು, ಇಬ್ಬರೂ ಬೆಂಗಳೂರಿನಲ್ಲಿದ್ದಾರೆ. ಊರಲ್ಲಿ ಉಳಿಯುವವರು ನಾವು, ಕಾಮರ್ಸ್ ಮತ್ತು ಆರ್ಟ್ಸ್‌ನವರು. ಅಂಗಡಿಯಲ್ಲಿ ಕೂರುವವರು, ಸೊಸೈಟಿಯಲ್ಲಿ ಲೆಕ್ಕ ಬರೆಯುವವರು, ಬ್ಯಾಂಕ್ ಕೌಂಟರ್‌ನಲ್ಲಿ ಇರುವವರು. ಮೆಸೇಜ್ ಬಂದಾಗ ಜನ ತೋರಿಸುವುದು ನಮಗೆ. ಅದಕ್ಕೇ ಉಪನ್ಯಾಸ ಸೈನ್ಸ್‌ನವರಿಗಿಂತ ನಮಗೆ ಹೆಚ್ಚು ಬೇಕಿತ್ತು ಎನ್ನುವುದು ನನ್ನ ವಾದ. ಅವರಿಗೆ ಹೇಗೂ ಸಿಲೆಬಸ್‌ನಲ್ಲಿ ಅಲೆಗಳ ಪಾಠ ಇದೆ.

ನಮ್ಮ ಲೆಕ್ಚರರ್ ಒಬ್ಬರಿಗೆ ಇದನ್ನು ಹೇಳಿದಾಗ "ಪರೀಕ್ಷೆಗೆ ಬರದ್ದನ್ನು ಕೇಳಿ ಸಮಯ ಹಾಳು ಮಾಡಿಕೊಳ್ಳಬೇಡಿ" ಎಂದರು. ಅವರ ಕಾಳಜಿ ನನಗೆ ಅರ್ಥವಾಗುತ್ತದೆ. ನಮ್ಮಲ್ಲಿ ಎಷ್ಟೋ ಜನ ಮನೆಗೆ ಮೊದಲ ಪಿ.ಯು.ಸಿ., ಪಾಸಾಗುವುದೇ ದೊಡ್ಡದು. ಆದರೆ ಕಟ್ಟಡಕ್ಕೆ ವಿಮೆ ಮಾಡುವ ಕಂಪನಿಗಳೂ ಭೂಕಂಪನ ವಲಯದ ನಕ್ಷೆ ನೋಡುತ್ತವೆ. ಬಾಂಬೆ ಹೈನಲ್ಲಿ 1974ರಲ್ಲಿ ಎಣ್ಣೆ ಸಿಗುವ ಮುಂಚೆ ಸಮುದ್ರದ ತಳವನ್ನು ಇಂಥದ್ದೇ ಅಲೆಗಳಿಂದ ಹಡಗಿನಲ್ಲಿ ಕೂತು ವರ್ಷಗಟ್ಟಲೆ ಪರೀಕ್ಷಿಸಿದ್ದರು. ಕೊರೆದು ನಷ್ಟ ಮಾಡಿಕೊಳ್ಳುವ ಮೊದಲು ಕೇಳಿಸಿಕೊಳ್ಳುವುದು ವ್ಯಾಪಾರದ ಮಾತಲ್ಲವೇ? ನಾಲ್ಕು ಬೋರ್‌ವೆಲ್ ಒಣಗಿ ಸಾಲದಲ್ಲಿರುವವರು ನಮ್ಮ ತರಗತಿಯ ಮನೆಗಳಲ್ಲೇ ಇದ್ದಾರೆ.

ಇನ್ನೊಂದು ಮಾತು, ಹಿರಿಯರು ತಪ್ಪು ತಿಳಿಯಬಾರದು. ನಮ್ಮ ಪತ್ರಿಕೆಯಲ್ಲಿ ವಿಜ್ಞಾನದ ಲೇಖನ ಎಂದರೆ ಪ್ರತಿ ಸಲ ಇಬ್ನ್ ಸೀನಾ, ಅಲ್ ಬಿರೂನಿ. ಅವರು ನಮ್ಮ ಹೆಮ್ಮೆ, ಸರಿ. ಆದರೆ ಸಾವಿರ ವರ್ಷದ ಹಿಂದಿನವರ ಹೆಸರು ಬಾಯಿಪಾಠ ಇರುವ ನಮಗೆ ಗೌರಿಬಿದನೂರಿನಲ್ಲಿ ಏನಿದೆ ಎಂದು ಗೊತ್ತಿರಲಿಲ್ಲ. ಅಲ್ ಬಿರೂನಿ ಇಲ್ಲಿ ಇದ್ದಿದ್ದರೆ ಮೊದಲ ಬಸ್ ಹಿಡಿದು ಅಲ್ಲಿಗೆ ಹೋಗುತ್ತಿದ್ದರು ಎಂದು ನನಗೆ ಅನಿಸುತ್ತದೆ.

ಮೊನ್ನೆ ದಾದಿಗೆ ಇದನ್ನೆಲ್ಲ ಉರ್ದುವಿನಲ್ಲಿ ಹೇಳಿದೆ. ಭೂಕವಚಕ್ಕೆ ಪದ ಸಿಗದೆ 'ಜಮೀನ್ ಕಾ ಛಿಲ್ಕಾ' ಎಂದೆ, ಕಿತ್ತಳೆ ಸಿಪ್ಪೆಯ ಹಾಗೆ. ಅವರು ಪೂರ್ತಿ ಕೇಳಿ, ಆ ರಾತ್ರಿ ಝಲ್‌ಝಲಾ ಬರುವುದಿಲ್ಲ ಎಂದು ಅವರಿಗೂ ಮೂರು ಗಂಟೆಗೇ ಅನಿಸಿತ್ತು ಎಂದರು. ಮತ್ತೆ ಯಾಕೆ ಒಳಗೆ ಬರಲಿಲ್ಲ ಎಂದು ಕೇಳಿದೆ. "ನೀನು ಅಷ್ಟು ಚೆನ್ನಾಗಿ ಓದಿದ್ದೆಯಲ್ಲ" ಎಂದರು.

ಕಾಲೇಜಿನವರಲ್ಲಿ ನನ್ನ ಮನವಿ ಸಣ್ಣದು. ಮುಂದಿನ ಉಪನ್ಯಾಸದ ನೋಟಿಸಿನಲ್ಲಿ ಆ ಕೊನೆಯ ಸಾಲು ಬೇಡ. ಸಾಧ್ಯವಾದರೆ ಮಾತು ಅರ್ಧವಾದರೂ ಕನ್ನಡದಲ್ಲಿ ಇರಲಿ, ಪ್ರಶ್ನೆಗಳನ್ನು ಉರ್ದುವಿನಲ್ಲಿ ಕೇಳಿದರೂ ನಗಬಾರದು. ಗೌರಿಬಿದನೂರಿನವರಿಗೆ ಒಂದು ಪತ್ರ ಬರೆದು ಅಲ್ಲಿಂದ ಯಾರಾದರೂ ಬಂದು ಮಾತಾಡಲು ಆಗುತ್ತದೆಯೇ ಎಂದು ಕೇಳಬಹುದು, ಪತ್ರ ಬರೆಯಲು ನಾನು ತಯಾರು. ಹಾಲ್‌ನಲ್ಲಿ ಕುರ್ಚಿ ಸಾಲದಿದ್ದರೆ ಕೆಳಗಿನ ಕಾಮರ್ಸ್ ತರಗತಿಯ ಬೆಂಚುಗಳನ್ನು ನಾವೇ ಹೊತ್ತು ಮೇಲೆ ತರುತ್ತೇವೆ, ಮುಗಿದ ಮೇಲೆ ನಾವೇ ಕೆಳಗಿಳಿಸುತ್ತೇವೆ.